ಕಣ್ಣಿಗೆ ಬಟ್ಟೆ ಕಟ್ಟಿ ಝಿಷ್ಕಾನನ್ನು ಬದುಕಿಸಿದ್ದು

ಬೊಹೀಮಿಯಾದಲ್ಲಿ (ಈಗಿನ ಚೆಕ್ ನಾಡು) ಯಾನ್ ಹುಸ್‌ನ ಹಾದಿ ಹಿಡಿದು ಪೋಪ್ ಮತ್ತು ರಾಜನ ವಿರುದ್ಧ ಕಾದಾಡಿದವರು ಹುಸ್ಸೈಟರು. ಅವರ ದಂಡನಾಯಕ ಯಾನ್ ಝಿಷ್ಕಾ 1424ರ ಅಕ್ಟೋಬರ್ 11ರಂದು, ಪಕ್ಕದ ಮೊರಾವಿಯಾ ಕಡೆ ದಂಡು ಹೊರಟಾಗ, ಪ್ರಿಬಿಸ್ಲಾವ್ ಹತ್ತಿರ ಕಾಯಿಲೆ ಬಿದ್ದು ಸತ್ತ. ಸಾಯದೇ ಇದ್ದಿದ್ದರೆ? ಈ ಪ್ರಶ್ನೆ ಇಟ್ಟುಕೊಂಡು ಕಾದಂಬರಿ ಬರೆಯುತ್ತೇನೆ ಅಂದಾಗ ಗೆಳೆಯರು ನಕ್ಕರು. 'ಅವನು ಎಲ್ಲ ಯುದ್ಧ ಗೆಲ್ತಾನೆ, ಅದನ್ನ ಯಾರು ಓದ್ತಾರೆ?' ಒಬ್ಬ ಪ್ರಕಾಶಕರಂತೂ, 'ಕಲ್ಯಾಣ ಬಿಟ್ಟು ಬೊಹೀಮಿಯಾ ಯಾಕೆ ಸ್ವಾಮಿ' ಅಂದರು.

ಮೊದಲ ಎರಡು ಕರಡು ಗೆಳೆಯರು ಹೇಳಿದ ಹಾಗೇ ಬಂದವು. ಬರೀ ಜಯಭೇರಿ. ಆಮೇಲೆ ನಾನು ಬರೆಯುವುದು ಬಿಟ್ಟು ಅದನ್ನೇ ಮೇಜಿನ ಮೇಲೆ ಯುದ್ಧದಾಟವಾಗಿ ಆಡಲು ಶುರುಮಾಡಿದೆ. ಝಿಷ್ಕಾನ ದಂಡು ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಕೋಟೆ ಮಾಡಿಕೊಂಡು ಕಾದುತ್ತಿತ್ತು, ಅದಕ್ಕೇ ಚನ್ನಪಟ್ಟಣದಲ್ಲಿ ಪುಟ್ಟ ಮರದ ಗಾಡಿ ಮಾಡಿಸಿದೆ. ಒಂದಕ್ಕೆ ಮೂವತ್ತೋ ಮೂವತ್ತೈದೋ ರೂಪಾಯಿ, ನೂರರ ಮೇಲೆ. ನಕ್ಷೆ, ದಾಳ, ಮೇಜು ಸೇರಿ ಹತ್ತು ಸಾವಿರ ಹೋಯಿತು. ಮನೆಯಲ್ಲಿ ಮೂರು ಸಾವಿರ ಅಂತ ಹೇಳಿದ್ದೇನೆ.

ಸಾಮಾನ್ಯ ಯುದ್ಧದಾಟದ ನಿಯಮಗಳೇ, ಒಂದು ಬಿಟ್ಟು. ಝಿಷ್ಕಾ ಆಡುವವರ ಕಣ್ಣಿಗೆ ಬಟ್ಟೆ. 1421ರಲ್ಲಿ ರಾಬಿ ಕೋಟೆಯ ಮುತ್ತಿಗೆಯಲ್ಲಿ ಅವನ ಉಳಿದೊಂದು ಕಣ್ಣೂ ಹೋಯಿತಲ್ಲ, ಆಮೇಲಿನ ಯುದ್ಧಗಳನ್ನೆಲ್ಲ ನಡೆಸಿದ್ದು ಕುರುಡನಾಗಿಯೇ. ಗುಡ್ಡ ಎಲ್ಲಿದೆ, ಹಳ್ಳ ಎಲ್ಲಿದೆ ಅಂತ ಪಕ್ಕದವರು ಹೇಳಬೇಕು. ಒಬ್ಬನೇ ಹೇಳಿದಾಗ ಆಟ ಚಪ್ಪೆ. ಇಬ್ಬರನ್ನು ಕೂರಿಸಿದೆ: ಒಬ್ಬ ಪ್ರಾಗ್ ನಗರದ ಮೆತ್ತನೆ ಬಣದ ಹುಸ್ಸೈಟ, ಒಬ್ಬ ಝಿಷ್ಕಾನ ಸ್ವಂತ ಪಡೆಯವನು. ಇಬ್ಬರೂ ತಮಗೆ ಬೇಕಾದ ಹಾಗೆ ನೆಲ ವರ್ಣಿಸಲು ಶುರು. ಅಲ್ಲಿ ಹುಟ್ಟಿತು ಕತೆ. 1424ರ ಜೂನ್‌ನಲ್ಲಿ ಮಾಲೆಶೋವ್‌ನಲ್ಲಿ ಪ್ರಾಗ್‌ನವರನ್ನೇ ಹೊಡೆದು, ಸೆಪ್ಟೆಂಬರ್‌ನಲ್ಲಿ ಅವರ ಜೊತೆ ರಾಜಿಯಾದವನು ಇವನು. ಆ ಅಪನಂಬಿಕೆ ಮೇಜಿನ ಮೇಲೆ ತಾನಾಗೇ ಬಂತು.

ಆಟದ ಮೊರಾವಿಯಾದಲ್ಲಿ ಹುಸ್ಸೈಟರ ಎದುರಾಳಿ, ಆಸ್ಟ್ರಿಯಾದ ದೊರೆ ಆಲ್ಬ್ರೆಕ್ಟ್ ಹೆಚ್ಚು ಸಲ ಸೋತ. ಆದರೆ 1427-28ರ ಹೊತ್ತಿಗೆ ಹುಸ್ಸೈಟರೊಳಗೇ ಜಗಳ. 1434ರಲ್ಲಿ ಆಗಬೇಕಿದ್ದ, ಹುಸ್ಸೈಟರು ತಮ್ಮತಮ್ಮಲ್ಲೇ ಕಾದಾಡಿದ ಲಿಪಾನಿ ಯುದ್ಧ ಆಗಲೇ ಬಂತು! ನಿಜವಾದ ಲಿಪಾನಿಯಲ್ಲಿ ಶತ್ರು ಓಡುತ್ತಿದ್ದಾನೆ ಅಂತ ಹುಸ್ಸೈಟರ ಉಗ್ರ ಬಣವಾದ ತಾಬೋರಿನವರು ಗಾಡಿಕೋಟೆ ಬಿಟ್ಟು ಹೊರಬಂದು ಕೆಟ್ಟರು. ನನ್ನ ಮೇಜಿನ ಕುರುಡ ಝಿಷ್ಕಾ ಒಂದು ಸಲವೂ ಹೊರಗೆ ಬರಲಿಲ್ಲ. ಓಡುವವರು ಕಣ್ಣಿಗೆ ಬಿದ್ದರೆ ತಾನೇ ಆಸೆ? ಪಕ್ಕದವನು 'ಓಡ್ತಿದ್ದಾರೆ' ಅಂತ ಕೂಗಿದರೂ ನಂಬಲಿಲ್ಲ. ಎರಡೂ ಕಡೆ ಕೂತು ಹಸಿದರು. ಹಸಿವಿನ ಲೆಕ್ಕ ಹಾಕುವ ಬಗೆ ಮಾತ್ರ ಕೇಳಬೇಡಿ, ಅದು ನನ್ನದೇ ಕೈಚಳಕ.

ನಡುವೆ ಸುಮ್ನೆ ಇನ್ನೊಂದು ನೋಡಿದೆ. 1421ರ ಡಿಸೆಂಬರ್‌ನಲ್ಲಿ ಕುಟ್ನಾ ಹೋರಾದಲ್ಲಿ ಹುಸ್ಸೈಟರ ಶತ್ರು ರಾಜ ಸಿಗಿಸ್ಮಂಡ್‌ನನ್ನೇ ಆಟದಲ್ಲಿ ಸಾಯಿಸಿದೆ. ಏನೂ ಬದಲಾಗಲಿಲ್ಲ. ಪೋಪ್ ಇದ್ದರು, ಅಳಿಯ ಆಲ್ಬ್ರೆಕ್ಟ್ ಇದ್ದ, ದಂಡು ಬರುತ್ತಲೇ ಇತ್ತು. ಮಾಲೆಶೋವ್‌ನಲ್ಲಿ ಕಲ್ಲು ತುಂಬಿದ ಗಾಡಿ ಇಳಿಜಾರಿಗೆ ಉರುಳಿಸಿದ್ದನ್ನೂ ಹಲಗೆ ಓರೆ ಮಾಡಿ ಆಡಿದೆವು. ಗಾಡಿಗಳು ಅರ್ಧದಲ್ಲೇ ಮಗುಚಿದವು, ಒಂದು ಕಾಫಿ ಲೋಟ ಒಡೆಯಿತು.

ಪುಸ್ತಕ ಕೈಯಿಂದ ದುಡ್ಡು ಹಾಕಿ ಮುನ್ನೂರು ಪ್ರತಿ ಮಾಡಿಸಿದೆ, ನಲವತ್ತು ಸಾವಿರದ ಆಸುಪಾಸು. ಹಾಕಿದ ದುಡ್ಡಿನ ಮುಕ್ಕಾಲು ಪಾಲು ವಾಪಸ್ ಬಂದಿದೆ. 'ಕಲ್ಯಾಣ' ಅಂದವರು ಎರಡನೇ ಮುದ್ರಣಕ್ಕೆ ಫೋನ್ ಮಾಡಿದ್ದರು. ನೋಡೋಣ ಅಂದಿದ್ದೇನೆ. ಈಗ ಮೇಜಿನ ಮೇಲೆ, ಝಿಷ್ಕಾನ ನಂತರ ಹುಸ್ಸೈಟರನ್ನು ನಡೆಸಿದ ಪ್ರೊಕೋಪ್ ಇದ್ದಾನೆ. ಝಿಷ್ಕಾ ಸಾಯದಿದ್ದರೆ ಅವನಿಗೆ ನಾಯಕತ್ವ ಸಿಗುವುದೇ ಕಷ್ಟ, ಅಲ್ವಾ?