ಅಟ್ಟದ ಮೇಲಿನ ಹಣ್ಣಿನ ಬುಟ್ಟಿ ಸೀಲಿಂಗ್ ಲೈಟ್ ಆಗೋದು ಹೀಗೆ

ಗೃಹಪ್ರವೇಶಕ್ಕೋ ಸೀಮಂತಕ್ಕೋ ಹಣ್ಣು ಜೋಡಿಸಿ ಯಾರೋ ತಂದುಕೊಟ್ಟ ಬಿದಿರಿನ ಬುಟ್ಟಿ ಒಂದಾದ್ರೂ ನಿಮ್ಮನೆ ಅಟ್ಟದಲ್ಲಿ ಇದ್ದೇ ಇರುತ್ತೆ, ಜರಿ ಲೇಸು, ಬಣ್ಣದ ಟೇಪು ಎಲ್ಲಾ ಅಂಟಿಸ್ಕೊಂಡು. ದಯವಿಟ್ಟು ಎಸೀಬೇಡಿ. ಲೇಸು ಬಿಚ್ಚಿ ನೋಡಿ, ಮೇದಾರರು ದಬ್ಬೆ ಸೀಳಿ ಕೈಯಲ್ಲೇ ಹೆಣೆದಿರೋ ಕೆಲಸ ಅದು, ಒಳಗೊಂದು ಬಲ್ಬ್ ಇಟ್ರೆ ಆ ಹೆಣಿಗೆ ಪೂರ್ತಿ ಗೋಡೆ ಮೇಲೆ ನೆರಳಾಗಿ ಮೂಡುತ್ತೆ.

ಬುಟ್ಟಿ 12ರಿಂದ 14 ಇಂಚು ಅಗಲ, 8 ಇಂಚಾದ್ರೂ ಆಳ ಇರ್ಲಿ. ಮೊರದ ಥರ ಒತ್ತಾಗಿ ಹೆಣೆದಿದ್ರೆ ಬೆಳಕು ಆಚೆ ಬರಲ್ಲ, ಕಣ್ಣುಕಣ್ಣಾಗಿರೋದೇ ಬೇಕು. ನೆಲಕ್ಕೆ ತಟ್ಟಿದಾಗ ಹಿಟ್ಟಿನ ಥರ ಪುಡಿ ಉದುರಿದ್ರೆ ಹುಳ ಹಿಡಿದಿದೆ ಅಂತ ಅರ್ಥ, ಬೇರೆ ಬುಟ್ಟಿ ನೋಡ್ಕೊಳ್ಳಿ. ಹಿಡಿ ಕತ್ತರಿಸಿ, ಬ್ರಶ್‌ನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ವಾರ್ನಿಶ್ ಹೊಡೀರಿ.

ಎಲೆಕ್ಟ್ರಿಕಲ್ ಅಂಗಡೀಲಿ ಒಂದು ಬಿ22 ಪೆಂಡೆಂಟ್ ಹೋಲ್ಡರ್ (ಒತ್ತಿ ತಿರುಗಿಸಿ ಹಾಕೋ ಬಲ್ಬಿನದ್ದು, ವೈರಲ್ಲಿ ನೇತಾಡೋದು), 0.75 ಎಸ್‌ಕ್ಯೂ ಎಂಎಂ (ಚದರ ಮಿ.ಮೀ.) ದಪ್ಪದ ಎರಡು ಕೋರ್, ಅಂದ್ರೆ ಎರಡು ಎಳೆಯ ವೈರ್, 9 ವ್ಯಾಟ್ ಎಲ್‌ಇಡಿ ಬಲ್ಬ್, ಎರಡು ಕೇಬಲ್ ಟೈ ತಗೊಳ್ಳಿ, ಜೊತೆಗೆ ಗಟ್ಟಿ ನೈಲಾನ್ ಹಗ್ಗ. ಹಳೇ ಕಾಲದ 60 ವ್ಯಾಟ್ ಬಲ್ಬ್ ಮಾತ್ರ ಬೇಡವೇ ಬೇಡ, ಅದು ತಿನ್ನೋ ಕರೆಂಟಲ್ಲಿ ಹೆಚ್ಚಿನ ಪಾಲು ಬರೀ ಶಾಖ ಆಗೋದು, ಒಣ ಬಿದಿರಿನ ಪಕ್ಕ ಅದು ಅಪಾಯ.

ಬುಟ್ಟಿ ಬೋರಲು ಹಾಕಿ, ತಳದ ನಡುವೆ ಸ್ಕ್ರೂಡ್ರೈವರ್‌ನಿಂದ ದಬ್ಬೆ ಸ್ವಲ್ಪ ಸರಿಸಿ ವೈರ್ ತೂರಿಸಿ. ಹೋಲ್ಡರ್ ಕ್ಯಾಪ್ ಮೊದಲು ವೈರಿಗೆ ಹಾಕ್ಕೊಂಡು, ಅದರ ಒಳಗಡೆ ಬರೋ ಹಾಗೆ ಎರಡೂ ಎಳೆ ಸೇರಿಸಿ ಒಂದು ಗಂಟು ಹಾಕಿ, ಆಮೇಲೆ ಎಳೆಗಳನ್ನ ಹೋಲ್ಡರ್‌ನ ಎರಡು ಸ್ಕ್ರೂಗೆ ಒಂದೊಂದಾಗಿ ಸಿಕ್ಕಿಸಿ ಬಿಗಿ ಮಾಡಿ. ಆ ಗಂಟು ಇದ್ರೆ ವೈರ್ ಎಳೆದ್ರೂ ಸ್ಕ್ರೂ ಮೇಲೆ ಭಾರ ಬೀಳಲ್ಲ. ಬಲ್ಬ್ ಬುಟ್ಟಿ ಬಾಯಿಗಿಂತ ಎರಡು ಇಂಚು ಮೇಲಿರೋ ಹಾಗೆ ವೈರ್ ಎಳೆದು, ತಳದ ಹೊರಗಡೆ ಕೇಬಲ್ ಟೈ ಬಿಗಿದ್ರೆ ಹೋಲ್ಡರ್ ಕೆಳಗೆ ಜಾರಲ್ಲ, ಊಟಕ್ಕೆ ಕೂತವ್ರ ಕಣ್ಣಿಗೂ ಬಲ್ಬ್ ಚುಚ್ಚಲ್ಲ.

ಬುಟ್ಟಿ ಭಾರ ಹಗ್ಗಕ್ಕೇ ಹೋಗ್ಬೇಕು, ವೈರಿಗಲ್ಲ. ನಾನು ಮೊದಲ ಸಲ ವೈರಲ್ಲೇ ನೇತುಹಾಕಿದ್ದೆ, ಫ್ಯಾನ್ ಗಾಳಿಗೆ ಬುಟ್ಟಿ ತಿರುಗಿ ತಿರುಗಿ ಒಂದು ಎಳೆ ಕಿತ್ಕೊಂಡು ಬಂತು. ತಳದ ಅಂಚಲ್ಲಿ ಮೂರು ಕಡೆ ಹಗ್ಗ ಕಟ್ಟಿ ಖಾಲಿ ಇರೋ ಫ್ಯಾನ್ ಹುಕ್ಕಿಗೆ ಹಾಕಿ, ವೈರ್ ಅದರ ಪಕ್ಕ ಸಡಿಲವಾಗಿ, ಚಾವಣಿಯಲ್ಲಿ ವೈರ್ ಸೇರಿಸೋ ಗುಂಡು ಡಬ್ಬಿ ಅಂದ್ರೆ ಸೀಲಿಂಗ್ ರೋಸ್‌ವರೆಗೂ ಹೋಗ್ಲಿ. ಟೇಬಲ್‌ನಿಂದ ಬುಟ್ಟಿ ಬಾಯಿಗೆ ಎರಡೂವರೆ ಅಡಿ ಅಂತರ ಸಾಕು.

ಕನೆಕ್ಷನ್ ಕೊಡೋ ಮುಂಚೆ ಗೋಡೆ ಸ್ವಿಚ್ ಆರಿಸಿದ್ರೆ ಸಾಲ್ದು, ಎಂಸಿಬಿನೇ (ಆ ಲೈನಿನ ಕರೆಂಟ್ ಪೂರ್ತಿ ಕಡಿಯೋ ಬೋರ್ಡಿನ ಸ್ವಿಚ್) ಇಳಿಸಿ. ಟೆಸ್ಟರ್ ಸರಿ ಇದೆಯಾ ಅಂತ ಮೊದಲು ಕರೆಂಟ್ ಇರೋ ಕಡೆ ನೋಡ್ಕೊಂಡು, ಆಮೇಲೆ ರೋಸ್‌ನ ಎರಡೂ ಪಾಯಿಂಟಿಗೆ ಒಂದೊಂದಾಗಿ ಟೆಸ್ಟರ್ ಮುಟ್ಟಿಸಿ ನೋಡಿ. ವೈರಿಂಗ್ ಕೈಪಳಗಿಲ್ಲ ಅಂದ್ರೆ ಇದೊಂದಕ್ಕೆ ಎಲೆಕ್ಟ್ರಿಷಿಯನ್ ಕರೀರಿ, ಅದರಲ್ಲಿ ಸಂಕೋಚ ಏನಿಲ್ಲ.

ಬಲ್ಬ್ ವಾರ್ಮ್ ವೈಟ್ (ಸ್ವಲ್ಪ ಹಳದಿ ಬೆಳಕು) ಇದ್ರೆ ಬಿದಿರಿನ ಬಣ್ಣಕ್ಕೆ ಹೊಂದುತ್ತೆ. ಮೈ ಹಾಲುಬಣ್ಣ ಇರೋ ಬಲ್ಬಲ್ಲಿ ನೆರಳು ಮೆತ್ತಗೆ ಕಲಸಿದ ಹಾಗೆ ಬೀಳುತ್ತೆ, ಪಾರದರ್ಶಕ ಗಾಜಿನೊಳಗೆ ತಂತಿ ಥರ ಎಳೆ ಕಾಣೋ ಫಿಲಮೆಂಟ್ ಎಲ್‌ಇಡಿ ಹಾಕಿದ್ರೆ ಗೆರೆಗೆರೆಯಾಗಿ. ನಮ್ಮನೇಲಿ ಎರಡನೇದನ್ನೇ ಉಳಿಸ್ಕೊಂಡ್ವಿ, ರಾತ್ರಿ ಊಟದ ಹೊತ್ತಿಗೆ ಇಡೀ ಗೋಡೆ ಬುಟ್ಟಿ ಹೆಣೆದ ಹಾಗೆ ಕಾಣುತ್ತೆ.