ಎಂಬಿಎ ಶುಲ್ಕದ ಹಣದಲ್ಲಿ ಖೇಣಿ ಕಲಿತದ್ದು: ನನ್ನ ಅನುಭವ

ಚನ್ನಗಿರಿ ಸೀಮೆಯ ಅಡಿಕೆ ವ್ಯವಹಾರ ಬಲ್ಲವರಿಗೆ ಖೇಣಿ ಎಂದರೇನು, ಸುಲಿಯುವುದು, ಬೇಯಿಸುವುದು, ಚೊಗರು ಹಾಕುವುದು ಹೇಗೆ ಎಂದು ನಾನು ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟು ಸಾಕು: ಬೇರೆಯವರ ತೋಟದ ಫಸಲನ್ನು ಒಪ್ಪಂದಕ್ಕೆ ಹಿಡಿದು, ಸುಲಿದು, ಬೇಯಿಸಿ, ಒಣಗಿಸಿ ಮಾರುವುದು ಖೇಣಿ; ಅಡಿಕೆಗೆ ಬಣ್ಣ ಬರಲೆಂದು ಹಾಕುವ, ಅಡಿಕೆ ಬೇಯಿಸಿದ ಗಟ್ಟಿ ರಸ ಚೊಗರು. ಪದವಿ ಮುಗಿಸಿದ ಮಗ ಎಂಬಿಎಗೆ ಹೋಗಬೇಕೋ, ಯಾರದಾದರೂ ಖೇಣಿ ಮನೆಯಲ್ಲಿ ಕೆಲಸಕ್ಕೆ ನಿಲ್ಲಬೇಕೋ ಎಂಬ ಚರ್ಚೆ ಈಗ ಊರೂರಲ್ಲೂ ನಡೆಯುತ್ತಿರುವುದರಿಂದ, ಎರಡನೆಯ ದಾರಿ ಹಿಡಿದ ನಾನು ಎಷ್ಟು ಕಳೆದುಕೊಂಡೆ, ಎಷ್ಟು ಗಳಿಸಿದೆ ಎಂಬುದನ್ನು ನೆನಪಿದ್ದಷ್ಟು ಬರೆಯುತ್ತಿದ್ದೇನೆ. ಕಳೆದ ವರ್ಷ ಕೊನೆಯ ಸಾಲವೂ ತೀರಿತು, ನಾನು ಕಟ್ಟಿದ ಖೇಣಿ ಮನೆ ಪೂರ್ತಿ ಸ್ವಂತದ್ದಾಯಿತು. ಆದ್ದರಿಂದ ಈಗ ಬರೆಯುವ ಅಧಿಕಾರ ಬಂದಿದೆ ಎಂದುಕೊಂಡಿದ್ದೇನೆ.

ದಾವಣಗೆರೆಯಲ್ಲಿ ಬಿಬಿಎಂ ಮುಗಿಸಿದಾಗ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಮಾತಾಗಿತ್ತು. ಎರಡು ವರ್ಷಕ್ಕೆ ಶುಲ್ಕ, ಹಾಸ್ಟೆಲ್ಲು, ಊಟ ಎಲ್ಲ ಸೇರಿ ಸುಮಾರು ಎಂಟು ಲಕ್ಷ ಬೇಕೆಂದು ಅಪ್ಪ ಲೆಕ್ಕ ಹಾಕಿ ತೆಗೆದಿಟ್ಟಿದ್ದರು. ಆ ಹಣವನ್ನು ಹಾಗೆಯೇ ಠೇವಣಿ ಇಡಿ, ಮೂರು ಸುಗ್ಗಿ ಬೇರೆಯವರ ಖೇಣಿ ಮನೆಯಲ್ಲಿ ಸಂಬಳಕ್ಕೆ ದುಡಿಯುತ್ತೇನೆ, ಆಮೇಲೆ ಅದೇ ನನ್ನ ಬಂಡವಾಳ ಎಂದೆ. "ಅಡಿಕೆ ಸುಲಿಸೋಕೆ ಬಿಬಿಎಂ ಓದಬೇಕಿತ್ತೇನೋ?" ಎಂದು ಚಿಕ್ಕಪ್ಪ ಎಲ್ಲರೆದುರಿಗೇ ಕೇಳಿದರು. ಅಪ್ಪ ಒಪ್ಪಿದ್ದು ನನ್ನ ಮೇಲಿನ ನಂಬಿಕೆಯಿಂದಲ್ಲ, ದುಡ್ಡು ಬ್ಯಾಂಕಿನಲ್ಲೇ ಉಳಿಯುತ್ತದೆ ಎಂಬ ಸಮಾಧಾನದಿಂದ.

ಲೆಕ್ಕ ಬರೆಯುವವನೆಂದು ಸೇರಿದ ನನ್ನನ್ನು ಯಜಮಾನರು ಮೊದಲ ಸುಗ್ಗಿಯಲ್ಲಿ ಪುಸ್ತಕ ಮುಟ್ಟಲೂ ಬಿಡಲಿಲ್ಲ. "ತಮ್ಮಾ, ಬರೆಯೋದು ಆಮೇಲೆ, ಮೊದ್ಲು ಕಾಯಿ ನೋಡೋದು ಕಲಿ" ಎಂದು ತೂಕದ ಹತ್ತಿರ ನಿಲ್ಲಿಸಿದರು. ಬಂದ ಪ್ರತಿ ಗಾಡಿಯಿಂದ ಹತ್ತಾರು ಕಾಯಿ ತೆಗೆದು ಕತ್ತರಿಸಿ, ಉಗುರು ಎಷ್ಟು ಇಳಿಯುತ್ತದೆ ಎಂದು ನೋಡಿ, ಒಣ ಅಡಿಕೆಯ ದರ್ಜೆಗಳಲ್ಲಿ ಇದು ರಾಶಿಗೆ ಬರುತ್ತದೋ, ಬೆಟ್ಟೆಗೆ ಬರುತ್ತದೋ, ಬಲಿತು ಗೊರಬಲಿಗೇ ಹೋಗುತ್ತದೋ ಎಂದು ಹೇಳಬೇಕಿತ್ತು. ನಾನು ಹೇಳಿದ್ದನ್ನು ಅವರು ಒಣಗಿದ ಮೇಲಿನ ತೂಕದೊಂದಿಗೆ ಹೋಲಿಸುತ್ತಿದ್ದರು. ಈ ವ್ಯವಹಾರದ ಲಾಭ ಇರುವುದೇ ಅಲ್ಲಿ. ತೋಟದವರಿಗೆ ಕ್ವಿಂಟಾಲ್ ಹಸಿ ಅಡಿಕೆಗೆ ಹನ್ನೆರಡೂವರೆ ಕೆಜಿ ಒಣ ಅಡಿಕೆ ಒಪ್ಪಿಕೊಂಡು, ನಮ್ಮ ಕಣದಲ್ಲಿ ಹದಿಮೂರು ಇಳಿದರೆ, ಆ ಅರ್ಧ ಕೆಜಿ ನಮ್ಮದು. ಸಾವಿರ ಕ್ವಿಂಟಾಲ್ ಹಸಿ ಅಡಿಕೆಗೆ ಅದು ಐದು ಕ್ವಿಂಟಾಲ್ ರಾಶಿ. ಕ್ವಿಂಟಾಲಿಗೆ 48 ಸಾವಿರದ ಧಾರಣೆಯಲ್ಲಿ 2.4 ಲಕ್ಷ. ಹದಿಮೂರರ ಬದಲು ಹನ್ನೆರಡು ಇಳಿದರೆ ಅಷ್ಟೇ ಹಣ ನಮ್ಮ ಜೇಬಿನಿಂದ ಹೋಗುತ್ತದೆ. ಮಾರ್ಜಿನ್ ಎಂಬ ಪಾಠವನ್ನು ಯಾವ ತರಗತಿಯಲ್ಲಿ ಕೇಳಿದ್ದರೂ ನನಗೆ ಇಷ್ಟು ನಾಟುತ್ತಿರಲಿಲ್ಲ.

ಮರದ ಮೇಲಿರುವ ಗೊನೆ ನೋಡಿಯೇ ತೋಟದ ಇಳುವರಿ ಅಂದಾಜಿಸುವುದನ್ನೂ ಅಲ್ಲಿಯೇ ಕಲಿತೆ. ಅದರ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ಅದೊಂದೇ ನನ್ನ ಆಸ್ತಿ. ಈಚೆಗೆ ಎಕರೆಗೆ ಎರಡು ಕ್ವಿಂಟಾಲಿಗಿಂತ ಹೆಚ್ಚು ತಪ್ಪಿದ್ದು ಕಡಿಮೆ ಎಂದಷ್ಟೇ ಹೇಳಬಲ್ಲೆ.

2014ರಲ್ಲಿ ಧಾರಣೆ ಏರಿದಾಗ ನಾನಿನ್ನೂ ಸಂಬಳದಾಳು. ಏರಿದ ಧಾರಣೆ ಹಾಗೆಯೇ ಉಳಿಯುತ್ತದೆ ಎಂದು ನಂಬಿ, ಸುತ್ತಲಿನ ಹಲವರು ದೊಡ್ಡ ಮುಂಗಡ ಕೊಟ್ಟು ತೋಟ ಹಿಡಿದರು. ಧಾರಣೆ ಇಳಿದಾಗ ಅವರು ಒಡವೆ ಅಡವಿಟ್ಟದ್ದನ್ನು, ಮಂಡಿಯವರ ಮುಂದೆ ನಿಂತದ್ದನ್ನು ನೋಡಿದೆ. ಯಜಮಾನರು ಮಾತ್ರ ಒಣಗಿದ್ದನ್ನು ವಾರಕ್ಕೊಮ್ಮೆ ಮಾರುತ್ತಲೇ ಇದ್ದರು. ಬೇರೆಯವರ ನಷ್ಟವನ್ನು ಸಂಬಳ ತೆಗೆದುಕೊಂಡು ನೋಡುವ ಅವಕಾಶ ಕಾಲೇಜಿನಲ್ಲಿ ಸಿಗುವುದಿಲ್ಲ. ಅಲ್ಲಿ ಶುಲ್ಕ ಕಟ್ಟಿ ಅದರ ವರದಿಯನ್ನು ಓದಬೇಕು.

2016ರ ಸುಗ್ಗಿಗೆ ಸ್ವಂತ ಖೇಣಿ ಹಿಡಿದೆ. ಠೇವಣಿಯಲ್ಲಿ ಐದು ಲಕ್ಷ ಮಾತ್ರ ತೆಗೆದೆ. ಉಳಿದದ್ದನ್ನು ನಷ್ಟಕ್ಕೆಂದೇ ಮೀಸಲಿಟ್ಟೆ, ಮತ್ತು ಆ ನಷ್ಟ ತಡಮಾಡದೆ ಬಂತು. ಕೊಯ್ಲು ಭರದಲ್ಲಿದ್ದಾಗ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ಸುಲಿಯುವ ಹೆಂಗಸರು ಮೂವತ್ತರ ಆಸುಪಾಸು. ಸಂತೆಯ ದಿನ ಬಟವಾಡೆ ನಗದಾಗಿಯೇ ಆಗಬೇಕು. ಚಾಲ್ತಿ ಖಾತೆಯಿಂದ ವಾರಕ್ಕೆ 50 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ, ಅಷ್ಟಾದರೂ ಬ್ಯಾಂಕಿನಲ್ಲಿ ಇರಬೇಕಲ್ಲ. ಸಂತೆ ತಪ್ಪಿದರೆ ಆಳು ತಪ್ಪುತ್ತದೆ ಎಂಬುದನ್ನು ಯಜಮಾನರ ಮನೆಯಲ್ಲಿ ನೋಡಿದ್ದೆ. ಊರಿನ ಕಿರಾಣಿ ಅಂಗಡಿಯವರೊಂದಿಗೆ ಮಾತಾಡಿ, ನನ್ನ ಸಹಿ ಇರುವ ಚೀಟಿಗೆ ಅವರು ಅಕ್ಕಿ, ಎಣ್ಣೆ, ಬೇಳೆ ಕೊಡುವುದು, ನಾನು ಅವರಿಗೆ ಚೆಕ್ ಕೊಡುವುದು ಎಂದು ಮಾಡಿಕೊಂಡೆ. ಅಂಗಡಿಯವರು ನೂರಕ್ಕೆ ಮೂರೋ ನಾಲ್ಕೋ ರೂಪಾಯಿ ಮೇಲೆ ಹಾಕಿದರು. ಹಾಕಲಿ ಎಂದು ಸುಮ್ಮನಿದ್ದೆ. ಆ ಸುಗ್ಗಿಯಲ್ಲಿ ಒಂದೂವರೆ ಲಕ್ಷದಷ್ಟು ಕೈಬಿಟ್ಟಿತು, ಆದರೆ ಒಬ್ಬ ಹೆಂಗಸೂ ಬೇರೆ ಮನೆಗೆ ಹೋಗಲಿಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂದಿಗೂ ನಮ್ಮಲ್ಲೇ ಇದ್ದಾರೆ.

2021ರ ನವೆಂಬರಿನ ಮಳೆಯನ್ನು ಯಾರೂ ಮರೆತಿರಲಾರರು. ಬೇಯಿಸಿದ ಅಡಿಕೆ ಕಣದಲ್ಲಿ ಹರಡಲಾಗದೆ ಮೂರ್ನಾಲ್ಕು ದಿನದಲ್ಲಿ ಬೂಷ್ಟು ಹಿಡಿಯಿತು. ಮತ್ತೆ ಬೇಯಿಸಿದರೆ ಬಣ್ಣ ಹೋಯಿತು. ಖೇಣಿ ಮನೆ ಕಟ್ಟುವಾಗಲೇ ಒಲೆಯ ಮೇಲೆ ದಬ್ಬೆಯ ಅಟ್ಟ ಹಾಕಿಸಿದ್ದೆ. ಕೆಲಸಕ್ಕಿದ್ದ ಮನೆಯಲ್ಲಿ ಒಮ್ಮೆ ಅಕಾಲ ಮಳೆ ಬಂದಾಗ ಸರಕನ್ನು ಉಳಿಸಿದ್ದು ಅಂಥದ್ದೇ ಅಟ್ಟ. ಇಷ್ಟು ಖರ್ಚು ಯಾಕೆ ಎಂದು ಆಗ ನಕ್ಕವರು ಆ ತಿಂಗಳು ತಮ್ಮ ಚೀಲಗಳನ್ನು ಹೊತ್ತು ನನ್ನ ಬಾಗಿಲಿಗೇ ಬಂದರು. ಆದರೂ ನನಗೆ ನಾಲ್ಕು ಲಕ್ಷದವರೆಗೆ ನಷ್ಟವಾಯಿತು. ಹೊಗೆಯ ವಾಸನೆ ಹಿಡಿದ ಸರಕಿಗೆ ಮಂಡಿಯಲ್ಲಿ ಕ್ವಿಂಟಾಲಿಗೆ ಆರೇಳು ಸಾವಿರ ಕಡಿಮೆ ಕೂಗಿದರು. ಹೊಗೆ ತಾಗದಂತೆ ಬಿಸಿ ಮಾತ್ರ ತಾಗುವ ಏರ್ಪಾಟು ಆಮೇಲೆ ಮಾಡಿಕೊಂಡೆ.

ನಡುವೆ ಪಾರದರ್ಶಕ ಹಾಳೆಯ ಮನೆ ಕಟ್ಟಿ ಸೋಲಾರ್ ಒಣಗಿಸುವಿಕೆಯನ್ನೂ ಮಾಡಿ ನೋಡಿದೆ. ಒಂದು ಲಕ್ಷದ ಮೇಲೆ ಖರ್ಚಾಯಿತು. ಬಿಸಿಲು ಜೋರಿದ್ದ ದಿನಗಳಲ್ಲಿ ಅಡಿಕೆಯ ಮೈ ಬೇಗ ಬಿಗಿದುಕೊಂಡು ಒಳಗೆ ಹಸಿ ಉಳಿಯುತ್ತಿತ್ತು. ಹೊರಗಿನಿಂದ ನೋಡಿದರೆ ಒಣಗಿದೆ. ಅಡಕತ್ತರಿಯಲ್ಲಿ ಸೀಳಿದರೆ ನಡುವೆ ಮೆತ್ತಗೆ. ಎರಡೂ ಬದಿ ತೆರೆದು ಗಾಳಿ ಬಿಟ್ಟ ಮೇಲೆ ಸುಧಾರಿಸಿತು. ಈಗ ಅದನ್ನು ಗೊರಬಲಿಗೆ ಮಾತ್ರ ಬಳಸುತ್ತೇನೆ.

ಎಂಬಿಎ ಓದಿದವರ ಹತ್ತಿರ ನಾನು ಕಲಿತದ್ದು ಇಲ್ಲವೇ ಎಂದರೆ, ಇದೆ. ನನ್ನ ಸಹಪಾಠಿಯೊಬ್ಬ ನಾನು ಬಿಟ್ಟ ಕಾಲೇಜಿನಲ್ಲೇ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಧಾರಣೆ ಏರಲಿ ಎಂದು ನಾನು ಒಂದು ವರ್ಷ ಸರಕನ್ನು ಎಂಟು ತಿಂಗಳು ಗೋದಾಮಿನಲ್ಲಿ ಇಟ್ಟಿದ್ದೆ. ದೀಪಾವಳಿಗೆ ಬಂದವನು ಹತ್ತು ನಿಮಿಷದಲ್ಲಿ ಲೆಕ್ಕ ಹಾಕಿದ: 48 ಸಾವಿರದ ಸರಕಿಗೆ ಶೇ. 12ರ ಬಡ್ಡಿಯಂತೆ ಎಂಟು ತಿಂಗಳಿಗೆ 3,840 ರೂಪಾಯಿ, ಅದರ ಮೇಲೆ ತೂಕದ ಇಳಿಕೆ, ಹುಳು, ಗೋದಾಮಿನ ಬಾಡಿಗೆ. ಧಾರಣೆ ಮೂರು ಸಾವಿರ ಏರಿತ್ತು, ನಾನು ಗೆದ್ದೆನೆಂದು ತಿಳಿದಿದ್ದೆ. ಯಜಮಾನರು ವಾರಕ್ಕೊಮ್ಮೆ ಮಾರುತ್ತಿದ್ದ ಕಾರಣ ನನಗೆ ಆ ದಿನ ಪೂರ್ತಿ ಅರ್ಥವಾಯಿತು. ಅವರು ರೂಢಿಯಿಂದ ಮಾಡುತ್ತಿದ್ದರು, ಅವನು ಅಂಕಿಯಲ್ಲಿ ತೋರಿಸಿದ. ಅಂದಿನಿಂದ ಪ್ರತಿ ಸುಗ್ಗಿಯ ಮೊದಲು ಅವನಿಗೆ ನನ್ನ ಲೆಕ್ಕ ಕಳಿಸುತ್ತೇನೆ, ಪ್ರತಿಯಾಗಿ ಒಂದು ಮೂಟೆ ಅಕ್ಕಿ.

ಐಐಎಂ ಬೆಂಗಳೂರಿನಂಥ ಕಡೆ ಸೀಟು ಸಿಕ್ಕವನಿಗೆ ಹೋಗಬೇಡ ಎಂದು ನಾನು ಹೇಳಲಾರೆ. ಎರಡು ವರ್ಷದ ಶುಲ್ಕ 20 ಲಕ್ಷ ದಾಟಿದರೂ ಅಲ್ಲಿ ಕಂಪನಿಗಳೇ ಬಾಗಿಲಿಗೆ ಬರುತ್ತವೆ. ದುಡ್ಡು ಕೊಟ್ಟು ಸೀಟು ಕೊಂಡು, ಮುಗಿದ ಮೇಲೆ ತಿಂಗಳಿಗೆ ಇಪ್ಪತ್ತು ಸಾವಿರದ ಕೆಲಸ ಹುಡುಕುವ ಎಂಬಿಎ ಬಗ್ಗೆಯೇ ನನ್ನ ತಕರಾರು. ಬ್ಯಾಂಕಿನವರು ನನಗೆ ಸಾಲದ ಮಿತಿ ಏರಿಸುವಾಗ ನೋಡಿದ್ದು ಮೂರು ವರ್ಷದ ರಿಟರ್ನ್ಸ್, ಜಿಎಸ್‌ಟಿ ಕಟ್ಟಿದ ದಾಖಲೆ ಮತ್ತು ಗೋದಾಮಿನ ಸರಕು.

ಈ ಸುಗ್ಗಿಗೆ ಅಕ್ಕನ ಮಗ ಪದವಿ ಮುಗಿಸಿ ನಮ್ಮಲ್ಲಿ ನಿಂತಿದ್ದಾನೆ. ತಿಂಗಳಿಗೆ ಹದಿನೈದು ಸಾವಿರ, ಮೂರು ಸುಗ್ಗಿ, ಅಲ್ಲಿಯವರೆಗೆ ಸ್ವಂತದ ಒಂದು ರೂಪಾಯಿಯನ್ನೂ ಹಾಕುವಂತಿಲ್ಲ ಎಂಬುದು ಕರಾರು. ಸದ್ಯಕ್ಕೆ ತೂಕದ ಹತ್ತಿರ ಕಾಯಿ ಕತ್ತರಿಸುತ್ತಿದ್ದಾನೆ. ಹತ್ತು ಗಾಡಿಯಲ್ಲಿ ಆರರ ಅಂದಾಜು ಸರಿಯಾಗುತ್ತಿದೆ. ಚೊಗರಿನ ಹದ ಸಿಗುವುದು ಮಾತ್ರ ನನ್ನಂತೆ ಅವನಿಗೂ ಮೂರನೆಯ ಸುಗ್ಗಿಯಲ್ಲೇ.