ಅಮ್ಮನಿಗೆ ಅಮೆರಿಕಾದ ನೂರು ಪ್ರಶ್ನೆ ಕನ್ನಡದಲ್ಲಿ ಕಲಿಸಿದ ಕಥೆ

ನಮ್ಮಮ್ಮ ಈ ಜನವರಿಯಲ್ಲಿ ಅಮೆರಿಕಾ ಸಿಟಿಜನ್‌ಶಿಪ್ ಟೆಸ್ಟ್ ಪಾಸ್ ಮಾಡಿದ್ಲು, ಅದೂ ಕನ್ನಡದಲ್ಲಿ. ಹೇಳಿದ್ರೆ ಅರ್ಧ ಜನ ನಂಬಲ್ಲ, ಇನ್ನರ್ಧ ಜನ "ನಮ್ಮತ್ತೆಗೂ ಮಾಡಿಸ್ಬೇಕು, ಹೆಂಗ್ ಮಾಡಿದ್ರಿ" ಅಂತ ಕೇಳ್ತಾರೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೆ ಒಂದೇ ಸಲ ಬರೆದುಬಿಡೋಣ ಅಂತ.

ಮೊದಲು ರೂಲ್ಸು. ಟೆಸ್ಟಲ್ಲಿ ಎರಡು ಭಾಗ. ಒಂದು ಇಂಗ್ಲಿಷು, ಅಧಿಕಾರಿ ಜೊತೆ ಮಾತಾಡ್ಬೇಕು, ಮೂರರಲ್ಲಿ ಒಂದು ವಾಕ್ಯ ಸರಿಯಾಗಿ ಓದ್ಬೇಕು, ಮೂರರಲ್ಲಿ ಒಂದು ಸರಿಯಾಗಿ ಬರೀಬೇಕು. ಇನ್ನೊಂದು ಸಿವಿಕ್ಸ್, ಅಂದ್ರೆ ಇಲ್ಲಿನ ಸರ್ಕಾರ ಮತ್ತು ಇತಿಹಾಸದ ಪ್ರಶ್ನೆ, ಬಾಯಲ್ಲೇ ಕೇಳ್ತಾರೆ ಬಾಯಲ್ಲೇ ಹೇಳ್ಬೇಕು. ಅರ್ಜಿ ಹಾಕೋ ಹೊತ್ತಿಗೆ 50 ದಾಟಿ ಗ್ರೀನ್ ಕಾರ್ಡಲ್ಲಿ 20 ವರ್ಷ ಇದ್ದೋರಿಗೆ, ಅಥವಾ 55 ದಾಟಿ 15 ವರ್ಷ ಇದ್ದೋರಿಗೆ, ಇಂಗ್ಲಿಷ್ ಭಾಗ ಮಾಫಿ, ಸಿವಿಕ್ಸ್ ತಮ್ಮ ಭಾಷೇಲೇ ಕೊಡಬಹುದು, ಆದ್ರೆ ಮಾಫಿ ಅನ್ನೋದು ಇಂಗ್ಲಿಷಿಗೆ ಮಾತ್ರ, ಪ್ರಶ್ನೆಗಳಿಗಲ್ಲ. 65 ದಾಟಿ 20 ವರ್ಷ ಆಗಿದ್ರೆ ಓದೋಕೆ ಬರೀ 20 ಪ್ರಶ್ನೆ. ಅಮ್ಮ ಬಂದಿದ್ದು 2010ರಲ್ಲಿ, ಅಪ್ಪ ಹೋದ ಮಾರನೇ ವರ್ಷ. ವಯಸ್ಸು 71, ಗ್ರೀನ್ ಕಾರ್ಡಿಗೆ ಆಗಿದ್ದು 15 ವರ್ಷ. ಇನ್ನೈದು ವರ್ಷ ಕಾದ್ರೆ 20 ಪ್ರಶ್ನೆಯಲ್ಲಿ ಮುಗೀತಿತ್ತು, ಆದ್ರೆ ಊರಿಗೆ ಹೋಗಿ ಆರು ತಿಂಗಳ ಮೇಲೆ ಕೂತು ವಾಪಸ್ ಬಂದಾಗೆಲ್ಲ ಏರ್‌ಪೋರ್ಟಲ್ಲಿ ಇಷ್ಟು ದಿನ ಯಾಕಿದ್ರಿ ಅಂತ ಕೇಳೋದು, ಅವಳು ನನ್ನ ಮುಖ ನೋಡೋದು, ಇದು ಸಾಕಾಗಿತ್ತು.

ಇನ್ನೊಂದು ಅವಸರವೂ ಇತ್ತು. 2025 ಅಕ್ಟೋಬರ್ 20ರಿಂದ ಅರ್ಜಿ ಹಾಕೋರಿಗೆ ಹೊಸ ಟೆಸ್ಟು, ಪಟ್ಟಿಯಲ್ಲಿ 128 ಪ್ರಶ್ನೆ, ಕೇಳೋದು 20, ಪಾಸಾಗೋಕೆ 12 ಸರಿ ಬೇಕು. ಹಳೇದರಲ್ಲಿ ಪಟ್ಟಿ 100, ಕೇಳೋದು ಹೆಚ್ಚಂದ್ರೆ 10, ಆರು ಸರಿ ಆದ್ರೆ ಸಾಕು. ನಾವು ಸೆಪ್ಟೆಂಬರಲ್ಲೇ ಆನ್‌ಲೈನಲ್ಲಿ 710 ಡಾಲರ್ ಕಟ್ಟಿ ಅರ್ಜಿ ಹಾಕಿಬಿಟ್ವಿ.

ನಾನೇ ಈ ಟೆಸ್ಟ್ ಕೊಟ್ಟಿದ್ದು 2009ರಲ್ಲಿ, ಎರಡು ರಾತ್ರಿ ಓದಿ ಬಾಯಿಪಾಠ ಹೊಡೆದು ಹೋಗಿದ್ದೆ, ಪಾಸಾಗಿ ಮೂರನೇ ದಿನ ಎಲ್ಲಾ ಮರೆತಿದ್ದೆ. ಹಾಗಾಗಿ ಇದೇನು ಮಹಾ, ಕನ್ನಡಕ್ಕೆ ಮಾಡಿಕೊಟ್ರೆ ಅಮ್ಮ ಓದ್ಕೋತಾಳೆ ಅನ್ಕೊಂಡೆ. ಅಲ್ಲೇ ಎಡವಿದ್ದು. ನೂರು ಪ್ರಶ್ನೆನೂ ಒಂದು ವೀಕೆಂಡು ಕೂತು ಅನುವಾದ ಮಾಡ್ದೆ, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ, ಸಾರ್ವಭೌಮತ್ವ ಅಂತೆಲ್ಲ ಭರ್ಜರಿಯಾಗಿ, ನನಗೇ ಹೆಮ್ಮೆ ಆಗೋಷ್ಟು. ಅಮ್ಮ ಕನ್ನಡಕ ಹಾಕ್ಕೊಂಡು ಮೊದಲ ಪುಟ ಓದಿ, "ಇದು ಕನ್ನಡಾನೇನೇ?" ಅಂದ್ಲು. ಅವಳು ಓದಿರೋದು ಹಾಸನದ ಹತ್ರ ಒಂದು ಹಳ್ಳಿಯಲ್ಲಿ ಏಳನೇ ಕ್ಲಾಸು, ಪೇಪರ್ ದಿನಾ ಓದ್ತಾಳೆ, ದಡ್ಡಿ ಅಲ್ಲ, ನನ್ನ ಕನ್ನಡ ಸರ್ಕಾರಿ ಗೆಜೆಟ್ ಥರ ಇತ್ತು ಅಷ್ಟೆ.

ಎಲ್ಲಾ ಹರಿದು ಹಾಕಿ ಮತ್ತೆ ಬರೆದೆ. ಕಾನೂನು ಮಾಡೋರು, ನಡೆಸೋರು, ತೀರ್ಪು ಹೇಳೋರು. ಫೆಡರಲ್ ಅನ್ನೋದು ಸೆಂಟ್ರಲ್ ಗೌರ್ಮೆಂಟು. ಒಂದೊಂದು ಬಿಳಿ ಕಾರ್ಡಲ್ಲಿ ಒಂದೊಂದು ಪ್ರಶ್ನೆ, ಹಿಂದೆ ಉತ್ತರ, ದಪ್ಪಕ್ಷರ. ಒಂದು ಪ್ರಶ್ನೆಗೆ ಪಟ್ಟಿಯಲ್ಲಿ ನಾಕೈದು ಉತ್ತರ ಕೊಟ್ಟಿರ್ತಾರೆ, ಹೆಚ್ಚಿನವಕ್ಕೆ ಒಂದು ಹೇಳಿದ್ರೆ ಸಾಕಾಗತ್ತೆ, ಸೋ ಅಮ್ಮನ ನಾಲಿಗೆಗೆ ಯಾವುದು ಸುಲಭವೋ ಅದೊಂದನ್ನೇ ಬರೆದೆ. ಇಲ್ಲಿನ ಮೂಲನಿವಾಸಿ ಬುಡಕಟ್ಟು ಒಂದು ಹೆಸರಿಸಿ ಅಂದ್ರೆ ನವಾಹೋ, ಯಾಕಂದ್ರೆ ನಾವಿರೋದು ಅರಿಜೋನಾ, ಗ್ರ್ಯಾಂಡ್ ಕ್ಯಾನಿಯನ್ನಿಗೆ ಹೋದಾಗ ರಸ್ತೆ ಪಕ್ಕ ಒಬ್ಬ ನವಾಹೋ ಹೆಂಗಸಿನ ಹತ್ರ ಅಮ್ಮ ಚೌಕಾಸಿ ಮಾಡಿ ಮಣಿಸರ ತಗೊಂಡಿದ್ಲು, ಆ ಸರ ಇನ್ನೂ ಇದೆ. ಮೆಕ್ಸಿಕೋ ಗಡಿಗೆ ತಾಗೋ ರಾಜ್ಯ ಯಾವ್ದು ಅಂದ್ರೆ ನಮ್ಮದೇ. ಮೊದಲಿದ್ದ 13 ರಾಜ್ಯದಲ್ಲಿ ಮೂರು ಹೇಳಿ ಅನ್ನೋದಕ್ಕೆ ನ್ಯೂಯಾರ್ಕ್, ನ್ಯೂಜೆರ್ಸಿ, ನ್ಯೂ ಹ್ಯಾಂಪ್‌ಶೈರ್, ಮೂರೂ ನ್ಯೂ. (ಇದನ್ನ ಕಲಿಸಿದ ಮಾರನೇ ದಿನಾನೇ ನ್ಯೂ ಮೆಕ್ಸಿಕೋ ಸೇರಿಸಿದ್ಲು, ಅದು 1912ರಲ್ಲಿ ಬಂದಿದ್ದು ಕಣಮ್ಮ ಅಂದೆ.) ಸೆನೆಟರ್, ಗವರ್ನರ್, ಸ್ಪೀಕರ್ ಹೆಸರಿರೋ ಕಾರ್ಡಲ್ಲಿ ಉತ್ತರ ಪೆನ್ಸಿಲಲ್ಲೇ ಬರೀರಿ, ಎಲೆಕ್ಷನ್ ಆದ್ರೆ ಬದಲಾಗತ್ತೆ, ಇಂಟರ್‌ವ್ಯೂ ದಿನ ಯಾರಿರ್ತಾರೋ ಅವರ ಹೆಸರೇ ಹೇಳ್ಬೇಕು. ನಮಗೆ ಮಾರ್ಕ್ ಕೆಲ್ಲಿ, ಕೇಟಿ ಹಾಬ್ಸ್, ಮೈಕ್ ಜಾನ್ಸನ್.

ಎರಡನೇ ತಪ್ಪು ಕಾರ್ಡುಗಳನ್ನ ಒಂದರಿಂದ ನೂರರ ತನಕ ಸಾಲಾಗಿ ಕೇಳಿದ್ದು. ಮೂರು ವಾರಕ್ಕೆ ಅಮ್ಮ ಪಟಪಟಾಂತ ಹೇಳೋಳು, ನಾನು ಖುಷಿಯಲ್ಲಿದ್ದೆ, ಒಂದಿನ ಕಾರ್ಡೆಲ್ಲ ಕೈಜಾರಿ ಬಿದ್ದು ಕಲಸಿಹೋಯ್ತು, ಸಿಕ್ಕಿದ್ದು ಕೇಳ್ತೀನಿ, ಒಂದೂ ಬರಲ್ಲ. ಸಹಸ್ರನಾಮ ಥರ ಹಿಂದಿನದರ ಬಾಲ ಹಿಡ್ಕೊಂಡು ಮುಂದಿಂದು ಬರ್ತಿತ್ತು ಅವಳಿಗೆ. ಆವತ್ತೇ ಅಷ್ಟನ್ನೂ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಅಡುಗೆಮನೆ ಕಟ್ಟೆ ಮೇಲಿಟ್ಟೆ, ಹಾದುಹೋಗೋರು ಯಾರಾದ್ರೂ ಸರಿ ಒಂದು ಚೀಟಿ ಎತ್ತಿ ಕೇಳ್ಬೇಕು. ಕುಕ್ಕರ್ ಮೂರನೇ ವಿಷಲ್ ಕೂಗೋ ಹೊತ್ತಿಗೆ ಸುಪ್ರೀಂ ಕೋರ್ಟಲ್ಲಿ ಎಷ್ಟು ಜಡ್ಜು ಅಂತ ಕೇಳೋದು, ಅವಳು ಸೌಟು ತಿರುಗಿಸ್ತಾ "ಒಂಭತ್ತು, ದೊಡ್ಡ ಜಡ್ಜು ಜಾನ್ ರಾಬರ್ಟ್ಸ್" ಅನ್ನೋದು, ಹೀಗೆ.

ಪಾಠಕ್ಕಿಂತ ಜಾಸ್ತಿ ಟೈಮ್ ಹೋಗಿದ್ದು ಮಾತಿಗೆ. ಸರ್ಕಾರದ ಒಂದು ಅಂಗಕ್ಕೆ ತುಂಬಾ ಅಧಿಕಾರ ಬರದ ಹಾಗೆ ಯಾವುದು ತಡೆಯತ್ತೆ ಅಂತ ಒಂದು ಪ್ರಶ್ನೆ ಇದೆ. ಎಷ್ಟು ಬಿಡಿಸಿ ಹೇಳಿದ್ರೂ ಹತ್ತಲಿಲ್ಲ, ಕೊನೆಗೆ ಅವಳ ಅತ್ತೆಮನೆ ಕಥೆ ತೆಗೆದೆ. ಕಣಜದ ಬೀಗದಕೈ ಅಜ್ಜಿ ಹತ್ರ, ದುಡ್ಡು ತಾತನ ಹತ್ರ, ಜಗಳ ಬಂದ್ರೆ ತೀರ್ಮಾನ ದೊಡ್ಡ ತಾತಂದು, ಯಾರೊಬ್ಬರೂ ಮೆರೆಯೋಹಂಗಿರ್ಲಿಲ್ಲ ತಾನೆ? "ಓ, ಒಬ್ಬರ ಮೂಗುದಾರ ಇನ್ನೊಬ್ಬರ ಕೈಯಲ್ಲಿ" ಅಂದ್ಲು. ನಾನಿಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿರೋ ವಿವರಣೆ ಕೇಳಿಲ್ಲ, ಆದ್ರೆ ತಲೆನೋವು ನೋಡಿ, ಟೆಸ್ಟಲ್ಲಿ ಅವಳು ಮೂಗುದಾರ ಅಂದ್ರೆ ಇಂಟರ್‌ಪ್ರಿಟರ್ ಹೇಳಿದ್ದನ್ನ ಹೇಳಿದ ಹಾಗೇ ಇಂಗ್ಲಿಷಿಗೆ ಮಾಡ್ಬೇಕು, ಎತ್ತಿನ ಮೂಗಿನ ಹಗ್ಗ ಅಂತ ಕೇಳಿದ ಅಧಿಕಾರಿ ಏನು ಮಾಡ್ತಾನೆ. ಅರ್ಥ ಗೊತ್ತಿದ್ರೆ ಸಾಲದು, ಪಟ್ಟಿಯಲ್ಲಿರೋ ಮಾತಿಗೆ ಹೊಂದೋ ಹಾಗೆ ಹೇಳ್ಬೇಕು. "ಅಧಿಕಾರ ಹಂಚಿಕೆ" ಅಂತ ಹೇಳು ಸಾಕು ಅಂತ ಹದಿನೈದು ಸಲ ಹೇಳಿಸಿದೆ, ಬೇಜಾರಲ್ಲೇ ಹೇಳಿದ್ಲು.

ಗುಲಾಮಗಿರಿ ಕಾರ್ಡು ಬಂದ ದಿನ ಮಾತ್ರ ಬೇರೆ ಥರ ಆಯ್ತು. ಅಮೆರಿಕಾಕ್ಕೆ ಹಿಡಿದು ತಂದು ಮಾರಿದ್ದು ಯಾರನ್ನ? ಆಫ್ರಿಕಾದವರನ್ನ. ಉತ್ತರ ಸುಲಭ, ಮುಂದಕ್ಕೆ ಹೋಗೋಣ ಅಂತ ನಾನು, ಅವಳು ಅಲ್ಲೇ ನಿಂತ್ಲು. ಅವಳ ತೌರೂರಲ್ಲಿ ಒಬ್ಬ ಜೀತದಾಳು ಇದ್ನಂತೆ, ಅವನಪ್ಪ ಮಾಡಿದ ಸಾಲಕ್ಕೆ ಹತ್ತು ವರ್ಷದ ಹುಡುಗನಿಂದ ದನ ಕಾಯೋಕೆ ಸೇರಿದೋನು, ಮೀಸೆ ಬಂದ್ರೂ ಸಾಲ ತೀರಿರ್ಲಿಲ್ಲ, ಹಟ್ಟಿ ಹೊರಗೆ ಕೂರಿಸಿ ಇವಳೇ ಅವನ ತಟ್ಟೆಗೆ ಮುದ್ದೆ ಮೇಲಿಂದ ಹಾಕ್ತಿದ್ಲಂತೆ. ನನಗೆ ಈ ಕಥೆ ನಲವತ್ತೆಂಟು ವರ್ಷಕ್ಕೆ ಮೊದಲ ಸಲ ಕೇಳಿಸಿದ್ದು. ನಮ್ಮಲ್ಲಿ ಜೀತ ನಿಲ್ಲಿಸೋ ಕಾನೂನು ಬಂದಿದ್ದು 1976ರಲ್ಲಿ ಅಂತ ನಾನು ಹೇಳ್ದೆ, ಅವಳು "ಕಾನೂನು ಬಂದ್ಮೇಲೂ ಇದ್ದ" ಅಂದ್ಲು. ಆವತ್ತು ಬೇರೆ ಕಾರ್ಡ್ ತೆಗೀಲಿಲ್ಲ. ಗುಲಾಮರನ್ನ ಬಿಡಿಸಿದ ಲಿಂಕನ್ ಕಾರ್ಡು ಆಮೇಲೆ ಯಾವತ್ತೂ ತಪ್ಪಲಿಲ್ಲ.

ನಮ್ಮ ಮಗಳ ವಿಷ್ಯಾನೂ ಹೇಳ್ಬೇಕು. ಹೈಸ್ಕೂಲ್ ಮುಗಿಸೋ ಮಕ್ಕಳು ಇದೇ ನೂರು ಪ್ರಶ್ನೆಯ ಟೆಸ್ಟ್ ಪಾಸಾಗ್ಲೇಬೇಕು ಅಂತ 2015ರಲ್ಲಿ ಮೊಟ್ಟಮೊದಲು ಕಾನೂನು ಮಾಡಿದ ರಾಜ್ಯ ಅರಿಜೋನಾನೇ. ಇಲ್ಲೇ ಹುಟ್ಟಿದ ಮಕ್ಕಳಿಗೆ ವಲಸೆ ಬಂದೋರಷ್ಟಾದ್ರೂ ಗೊತ್ತಿರ್ಲಿ ಅನ್ನೋ ಲೆಕ್ಕ. ಮಗಳು ಒಂಭತ್ತನೇ ಕ್ಲಾಸಲ್ಲೇ ಕಂಪ್ಯೂಟರಲ್ಲಿ ಕ್ಲಿಕ್ ಮಾಡಿ ನೂರಕ್ಕೆ 91 ತಗೊಂಡಿದ್ಲು, ಹಾಗಾಗಿ ಅಜ್ಜಿ ಓದೋದು ನೋಡಿ ಸ್ವಲ್ಪ ಧಿಮಾಕು. ಒಂದು ಭಾನುವಾರ ದೋಸೆ ತಿನ್ನೋವಾಗ ಅಮ್ಮ ಡಬ್ಬಿ ಎತ್ಕೊಂಡು ಬಂದು "ಬಾರೇ ನಿನಗೂ ಕೇಳ್ತೀನಿ" ಅಂದ್ಲು, ನಾನು ಮಧ್ಯೆ ಇಂಗ್ಲಿಷ್ ಮಾಡೋದು. ಸಂವಿಧಾನಕ್ಕೆ ಎಷ್ಟು ತಿದ್ದುಪಡಿ? "ಟ್ವೆಂಟಿ ಸಮ್‌ಥಿಂಗ್." ಅಮ್ಮ "27" ಅಂತ ಕಾರ್ಡ್ ಪಕ್ಕಕ್ಕಿಟ್ಲು. ಫೆಡರಲಿಸ್ಟ್ ಪೇಪರ್ಸ್ ಬರೆದೋರಲ್ಲಿ ಒಬ್ಬರು? "ಆಪ್ಷನ್ಸ್ ಏನು ಅಜ್ಜಿ?" ಹ್ಯಾಮಿಲ್ಟನ್ ಕಣೇ, ಆಪ್ಷನ್ನೂ ಇಲ್ಲ ಏನೂ ಇಲ್ಲ. ಮೊದಲನೇ ಮಹಾಯುದ್ಧದಲ್ಲಿ ಪ್ರೆಸಿಡೆಂಟ್ ಯಾರು? ರೂಸ್ವೆಲ್ಟ್ ಅಂದ್ಲು, ವಿಲ್ಸನ್ ಅದು. ಹತ್ತಕ್ಕೆ ಐದು. ಅಜ್ಜಿ ಟೆಸ್ಟಲ್ಲಿ ಮೊಮ್ಮಗಳು ಫೇಲು. ಮಗು ದಡ್ಡಿ ಅಂತಲ್ಲ, ನಾಕು ಉತ್ತರ ಎದುರಿಗಿಟ್ರೆ ಗುರುತು ಹಿಡಿಯೋದು ಬೇರೆ, ಖಾಲಿ ಬಾಯಿಂದ ತೆಗೆಯೋದು ಬೇರೆ, ಹಾಗಾಗಿ ಮೊಬೈಲಲ್ಲಿ ಸಿಗೋ ಆಪ್ಷನ್ ಒತ್ತೋ ಆ್ಯಪುಗಳನ್ನ ನಂಬಿ ಅಪ್ಪ ಅಮ್ಮಂದಿರನ್ನ ಕಳಿಸ್ಬೇಡಿ ದಯವಿಟ್ಟು.

ಇಂಟರ್‌ಪ್ರಿಟರನ್ನ ನಾವೇ ಕರ್ಕೊಂಡು ಹೋಗ್ಬೇಕು. ಮಗಳು ಅಂತ ನಾನೇ ಹೋಗಿ, ಅಧಿಕಾರಿ ಬೇಡ ಅಂದ್ರೆ ಎಲ್ಲಾ ಮತ್ತೆ ಮೊದಲಿಂದ, ಆ ರಿಸ್ಕ್ ಬೇಡ ಅಂತ ಹುಬ್ಬಳ್ಳಿಯ ಫ್ರೆಂಡ್ ಒಬ್ರನ್ನ ಕೇಳ್ದೆ, ಬಹಳ ಒಳ್ಳೆಯೋರು, ಒಪ್ಪಿದ್ರು. ಹತ್ತು ದಿನ ಇರೋವಾಗ ಮನೆಗೆ ಬಂದು ಸುಮ್ನೆ ಒಂದು ಟ್ರಯಲ್ ಮಾಡೋಣ ಅಂದ್ರು, ಪುಣ್ಯ. "ಅಮೆರಿಕಾದಾಗ ಎಷ್ಟ್ ಮಂದಿ ಸೆನೆಟರ್ ಅದಾರ್ರೀ?" ಅಂತ ಅವರು ಕೇಳಿದ್ರೆ ಅಮ್ಮ ನಗ್ತಾ ಕೂತ್ಲು, ಆ ರಾಗಕ್ಕೆ. "ಒಕ್ಕೂಟದ ಕಾಯಿದೆ ಯಾರ್ ಮಾಡ್ತಾರ್ರೀ?" ಪೂರ್ತಿ ಖಾಲಿ. ನಾನು ಸೆಂಟ್ರಲ್ ಗೌರ್ಮೆಂಟ್ ಕಾನೂನು ಅಂತ ಹೇಳಿಕೊಟ್ಟಿದ್ನಲ್ಲ, ಅವಳಿಗೆ ಇದು ಬೇರೆ ಪ್ರಶ್ನೆ. ನಾಲ್ಕು ತಿಂಗಳು ಒಂದೇ ಬಾಯಿಂದ, ನನ್ನ ಬಾಯಿಂದ, ಒಂದೇ ಥರ ಕೇಳಿಸಿ ಬೆಳೆಸಿದ್ದರ ಫಲ. ಆವತ್ತಿಂದ ದಿನಾ ಸಂಜೆ ಆ ಫ್ರೆಂಡ್ ಫೋನ್ ಮಾಡಿ ಹತ್ತು ಪ್ರಶ್ನೆ ಕೇಳೋರು, ಜೊತೆಗೆ ತಿದ್ದುಪಡಿ, ಕಾನೂನು, ಸೆಂಟ್ರಲ್, ಹೀಗೆ ಹದಿನೈದು ಪದ ಇಬ್ಬರೂ ಒಂದೇ ಥರ ಬಳಸೋದು ಅಂತ ಮಾಡ್ಕೊಂಡ್ವಿ. ಇಂಟರ್‌ಪ್ರಿಟರ್ ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ ಅಂತ ಪ್ರಮಾಣ ಮಾಡ್ಬೇಕು, ಕಣ್ಸನ್ನೆ ಎಲ್ಲಾ ನಡಿಯಲ್ಲ, ಸೋ ಇದೆಲ್ಲ ಮುಂಚೆನೇ ಆಗ್ಬೇಕು.

ಇಂಟರ್‌ವ್ಯೂ ದಿನ ನಾನು ಹೊರಗೆ ಕೂತಿದ್ದೆ, ಒಳಗಿನ ಕಥೆ ಫ್ರೆಂಡ್ ಹೇಳಿದ್ದು. ಅರ್ಜಿಯಲ್ಲಿರೋ ಪ್ರಶ್ನೆಗಳನ್ನೂ ಕೇಳ್ತಾರೆ, ಕಮ್ಯುನಿಸ್ಟ್ ಪಾರ್ಟಿ ಮೆಂಬರ್ ಆಗಿದ್ರಾ, ಯಾವಾಗಾದ್ರೂ ಅರೆಸ್ಟ್ ಆಗಿದ್ರಾ ಅಂತ, ಅಮ್ಮ ಎರಡಕ್ಕೂ "ಶಿವಶಿವಾ ಇಲ್ಲ" ಅಂದ್ಲಂತೆ. ಸಿವಿಕ್ಸಲ್ಲಿ ಮೊದಲ ಮೂರು ಸಲೀಸು. ನಾಕನೇದು, ಬೆಂಜಮಿನ್ ಫ್ರಾಂಕ್ಲಿನ್ ಯಾತಕ್ಕೆ ಪ್ರಸಿದ್ಧ? ಇವಳು "ನೂರು ಡಾಲರ್ ನೋಟಲ್ಲಿರೋನು." ಸುಳ್ಳಲ್ಲ ಪಾಪ, ಆದ್ರೆ ಪಟ್ಟಿಯಲ್ಲಿಲ್ಲ. ಅಧಿಕಾರಿ ಜೋರಾಗಿ ನಕ್ಕು ತಪ್ಪು ಅಂತಲೇ ಹಾಕಿದ್ರಂತೆ. ಏಳನೇ ಪ್ರಶ್ನೆಗೆ ಆರು ಸರಿಯಾಯ್ತು, ಅಲ್ಲಿಗೆ ನಿಲ್ಲಿಸಿಬಿಟ್ರು, ಆರು ಸರಿ ಆದ್ಮೇಲೆ ಮುಂದೆ ಕೇಳಲ್ಲ. ಅಮ್ಮ ಹೊರಗೆ ಬಂದು ಪಾಸು ಅನ್ನೋಕೂ ಮುಂಚೆ "ಪೋಸ್ಟ್ ಮಾಸ್ಟರ್, ಪೋಸ್ಟ್ ಮಾಸ್ಟರ್" ಅಂತಿದ್ಲು. ಫ್ರಾಂಕ್ಲಿನ್ ಇಲ್ಲಿನ ಮೊದಲ ಪೋಸ್ಟ್‌ಮಾಸ್ಟರ್ ಜನರಲ್, ಕಾರ್ಡಲ್ಲಿ ಅದೇ ಬರೆದಿತ್ತು.

ಈಗ ಡಬ್ಬಿ ಆ ಫ್ರೆಂಡ್ ಮನೆಯಲ್ಲಿದೆ, ಅವರ ಮಾವನಿಗೆ. ಅವರು ಅರ್ಜಿ ಹಾಕಿದ್ದು ಡಿಸೆಂಬರಲ್ಲಿ, ಹಾಗಾಗಿ 128ರ ಪಟ್ಟಿ, ಅರ್ಧ ಕಾರ್ಡು ತಿದ್ದಬೇಕು, ಮಿಕ್ಕಿದ್ದು ಹೊಸದಾಗಿ ಬರೀಬೇಕು. ಮೊದಲಿದ್ದ 13 ರಾಜ್ಯದಲ್ಲಿ ಮೂರಲ್ಲ, ಐದು ಹೇಳಿ ಅಂತ ಕೇಳ್ತಾರೆ ಇದರಲ್ಲಿ, ನನ್ನ ಮೂರು ನ್ಯೂ ಸಾಲಲ್ಲ. ಅಮ್ಮನೇ ಫೋನಲ್ಲಿ ಅವರಿಗೆ ಹೇಳಿಕೊಡ್ತಿದ್ಲು ಮೊನ್ನೆ, "ಮೂರು ನ್ಯೂ ಆದ್ಮೇಲೆ ವರ್ಜೀನಿಯಾ ಜಾರ್ಜಿಯಾ ಅಂತ ಪ್ರಾಸ ಹಿಡ್ಕೊಳ್ಳಿ ರಾಯರೇ, ಮೆಕ್ಸಿಕೋ ಮಾತ್ರ ಸೇರಿಸ್ಬೇಡಿ."